ಬಸುರಿನಲ್ಲಿ ಬಿ.ಪಿ. ಏರಿದ್ದವರು ಕಿಡ್ನಿ ಪರೀಕ್ಷೆ ಮಾಡಿಸಿಕೊಳ್ಳಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹೊಸದಾಗಿ ಬ್ರಿಟನ್‌ಗೆ ಬಂದಿರುವ ತಾಯಂದಿರಿಗೂ ಅವರ ಮನೆಯವರಿಗೂ ಈ ಬರಹ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನ ಪಾಲು. ಮಟಕಿಯಂಥ ಹಳ್ಳಿಯ ಮಗಳು ಕಲಬುರಗಿಯ ಆಸ್ಪತ್ರೆಯಲ್ಲಿ ಹೆತ್ತು, ತವರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನೆತ್ತಿಕೊಂಡು ಗಂಡನಿರುವ ಊರಿಗೆ ವಿಮಾನ ಹತ್ತುತ್ತಾಳೆ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ ತವರಿನ ಟ್ರಂಕಿನಲ್ಲೇ ಉಳಿಯುತ್ತವೆ. ಕೇಳಿದರೆ, "ಬಸುರಿದ್ದಾಗ ಬಿ.ಪಿ. ಏರಿತ್ತು, ಹೆರಿಗಿ ಆದಮ್ಯಾಲ ಇಳೀತು, ಈಗೇನೂ ಇಲ್ಲ" ಎನ್ನುತ್ತಾರೆ. ಪರೀಕ್ಷೆ ಮಾಡಿಸದೆ ಆ ಕೊನೆಯ ಮಾತನ್ನು ಹೇಳಬಾರದು.

ಬಸುರಿಗೆ ಐದು ತಿಂಗಳು ತುಂಬಿದ ಮೇಲೆ ಬಿ.ಪಿ. 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದಕ್ಕೆ ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಮಾಸಿನಿಂದ ರಕ್ತಕ್ಕೆ ಇಳಿಯುವ ಕೆಲವು ವಸ್ತುಗಳು ಕಿಡ್ನಿಯೊಳಗಿನ ಸಣ್ಣ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಕೊಡುತ್ತವೆ. ಸಾಣಿಗೆಯ ಕಣ್ಣು ಹರಿದಂತೆ, ಒಳಗೆ ಉಳಿಯಬೇಕಾದ ಪ್ರೋಟೀನ್ ಹೊರಗೆ ಸೋರುತ್ತದೆ. ಬಹಳಷ್ಟು ಮಂದಿಗೆ ಹೆರಿಗೆಯಾಗಿ ಕೆಲವು ವಾರ, ತಿಂಗಳುಗಳಲ್ಲಿ ಇದು ಮಾಯುತ್ತದೆ. ಕೆಲವರಿಗೆ ಮಾಯುವುದಿಲ್ಲ. ಇನ್ನು ಕೆಲವರಲ್ಲಿ ಮೊದಲೇ ಇದ್ದ ಕಿಡ್ನಿ ತೊಂದರೆ ಬಸುರಿನಲ್ಲಿ ಮೊದಲ ಸಲ ಬಯಲಾಗಿರುತ್ತದೆ.

ನಾರ್ವೆಯಲ್ಲಿ 1967ರಿಂದ 1991ರವರೆಗೆ ಮೊದಲ ಮಗು ಹೆತ್ತ ಸುಮಾರು 5.7 ಲಕ್ಷ ಹೆಂಗಸರ ದಾಖಲೆ ನೋಡಿದಾಗ, ಮೊದಲ ಬಸುರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಡಯಾಲಿಸಿಸ್ ಇಲ್ಲವೇ ಕಸಿ ಬೇಕಾಗುವಷ್ಟು ಕಿಡ್ನಿ ಕೆಡುವ ಸಂಭವ ಉಳಿದವರಿಗಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚಿತ್ತು. ಹೆದರಬೇಡಿ: ಅಷ್ಟು ಲಕ್ಷ ಜನರಲ್ಲಿ ಆ ಹಂತ ತಲುಪಿದವರು ಒಟ್ಟು 477 ಮಂದಿ. ಆದರೆ ಅದು ಕಾಣಿಸಿಕೊಂಡದ್ದು ಹೆರಿಗೆಯಾಗಿ ಸರಾಸರಿ 17 ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಹಳೆಯ ಬಿ.ಪಿ.ಯನ್ನು ಯಾರು ನೆನಪಿಡುತ್ತಾರೆ? ಕಿಡ್ನಿ ಅರ್ಧ ಸೋತರೂ ಮೈಗೆ ಗೊತ್ತಾಗದೆ ಇರಬಹುದು.

2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಒಂದು ಅಧ್ಯಯನಕ್ಕಾಗಿ ಆಶಾ ಕಾರ್ಯಕರ್ತೆಯರು ಬಿ.ಪಿ. ಯಂತ್ರ ಹಿಡಿದು ಬಸುರಿಯರ ಮನೆಬಾಗಿಲಿಗೇ ಹೋದರು. ಆದರೆ ಇಲ್ಲಿ, ಬ್ರಿಟನ್‌ನಲ್ಲಿ, ನಿಮ್ಮ ಹಳೆಯ ಬಸುರಿನ ಸಂಗತಿ ಯಾರಿಗೂ ತಾನಾಗಿ ತಿಳಿಯದು, ನೀವೇ ಹೇಳಬೇಕು. ಬಂದ ಕೂಡಲೇ ಜಿ.ಪಿ. (ನಿಮ್ಮ ಬಡಾವಣೆಯ ವೈದ್ಯರು) ಬಳಿ ಹೆಸರು ನೋಂದಾಯಿಸಿ. ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ತವರಿನವರಿಗೆ ಹೇಳಿ ತಾಯಿ ಕಾರ್ಡಿನ, ಡಿಸ್ಚಾರ್ಜ್ ಚೀಟಿಯ ಎಲ್ಲ ಪುಟಗಳ ಫೋಟೋ ವಾಟ್ಸಾಪಿನಲ್ಲಿ ತರಿಸಿ ತೋರಿಸಿ. ಬಿ.ಪಿ., ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಬಹುದೇ ಎಂದು ಕೇಳಿ. ಹೆರಿಗೆಯಾಗಿ ಮೂರು ತಿಂಗಳಾದ ಮೇಲೂ ಪ್ರೋಟೀನ್ ಹೋಗುತ್ತಿದ್ದರೆ ಕಿಡ್ನಿ ತಜ್ಞರಿಗೆ ತೋರಿಸುವ ಮಾತೆತ್ತಿ. ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸುವುದನ್ನು ಬಿಡಬೇಡಿ.

ಇತ್ತೀಚೆಗೆ ಹೆತ್ತವರಿಗೆ ಇನ್ನೊಂದು ಮಾತು. ಬಾಣಂತನದ ಮೊದಲ ಆರು ವಾರದಲ್ಲೂ ಬಿ.ಪಿ. ದಿಢೀರನೆ ಏರಬಹುದು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ-ಕೈಗೆ ಒಮ್ಮೆಲೇ ಬಾವು ಬಂದರೆ "ಬಾಣಂತಿಗೆ ಇದೆಲ್ಲಾ ಇರೋದೇ" ಎನ್ನಬೇಡಿ. ಅತ್ತೆಯಂದಿರಿಗೂ ಇದನ್ನು ತಿಳಿಸಿ. ಆಗಲೇ ಹೆರಿಗೆ ಆಸ್ಪತ್ರೆಗೆ ಫೋನ್ ಮಾಡಿ, ಫಿಟ್ಸ್ ಬಂದರೆ 999.

ಊರಿನಿಂದ ತರಿಸಿಕೊಳ್ಳುವ ಮಾತ್ರೆಗಳ ಬಗ್ಗೆ ಎಚ್ಚರವಿರಲಿ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಬಿ.ಪಿ. ಮಾತ್ರೆಗಳು ಹೊಟ್ಟೆಯೊಳಗಿನ ಕೂಸಿಗೆ ಅಪಾಯ. ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ. ಮತ್ತೆ ಬಸುರಾದರೆ ಮಿಡ್‌ವೈಫ್‌ಗೆ ಮೊದಲ ಭೇಟಿಯಲ್ಲೇ ಹಳೆಯ ಬಿ.ಪಿ. ಸಂಗತಿ ತಿಳಿಸಿ. ಅಂಥವರಿಗೆ ಇಲ್ಲಿ 12ನೇ ವಾರದಿಂದ ಹೆರಿಗೆಯವರೆಗೆ ದಿನಕ್ಕೆ 75ರಿಂದ 150 ಮಿಲಿಗ್ರಾಂ ಆಸ್ಪಿರಿನ್ ಬರೆದುಕೊಡುತ್ತಾರೆ. ತಡವಾಗಿ ಹೇಳಿದರೆ ಅದರ ಪ್ರಯೋಜನ ಕಡಿಮೆಯಾಗುತ್ತದೆ.