ಕೇರಿಯ ಮಗು ಶಾಲೆ ಬಿಟ್ಟಿದೆ, ನಾವೇನು ಮಾಡಬೇಕು?

ಪ್ರಶ್ನೆ: ಸಿದ್ದಾಪುರ ತಾಲ್ಲೂಕಿನ ಹಳ್ಳಿ ನಮ್ಮದು. ನಾನು ಸ್ವಸಹಾಯ ಸಂಘದಲ್ಲಿದ್ದೇನೆ. ನಮ್ಮ ಕೇರಿಯ ಹುಡುಗಿಯ ಮೇಲೆ ಗುರುತಿನವನೇ ದೌರ್ಜನ್ಯ ಮಾಡಿದ. ಕೇಸಾಗಿದೆ, ಅವನು ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಹುಡುಗಿ ಶಾಲೆ ಬಿಟ್ಟಿದ್ದಾಳೆ. ಅವಳ ಅಮ್ಮನನ್ನು ಮೊದಲು ಕೆಲಸಕ್ಕೆ ಕರೆಯುತ್ತಿದ್ದ ತೋಟದವರು ಈಗ ಕರೆಯುತ್ತಿಲ್ಲ. ಕೆಲವು ತಾಯಂದಿರು ತಮ್ಮ ಮಕ್ಕಳನ್ನು ಅವಳ ಜೊತೆ ಆಡಲು ಬಿಡುತ್ತಿಲ್ಲ. ಊರ ಹಿರಿಯರು 'ಕೂತು ಮುಗಿಸಿಕೊಳ್ಳಿ' ಅನ್ನುತ್ತಿದ್ದಾರೆ. ನನಗೆ ಆ ಮನೆಗೆ ಹೋಗಬೇಕು ಅನ್ನಿಸುತ್ತದೆ, ಹೋಗಿ ಏನು ಮಾತಾಡಲಿ? ಅತ್ತ ಅವನ ಮನೆಯವರೂ ನಮಗೆ ಬೇಕಾದವರೇ, ಮುಂದಿನ ತಿಂಗಳು ಅವರ ಮನೆಯ ಮದುವೆಗೂ ಕರೆದಿದ್ದಾರೆ.
– ಹೆಸರು ಬೇಡ

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿದ್ದ ಊರು, ಶಾಲೆ, ಮಗುವಿನ ವಯಸ್ಸು ಎಲ್ಲವನ್ನೂ ತೆಗೆದಿದ್ದೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮಿನ ಪ್ರಕಾರ ಮಗುವಿನ ಹೆಸರು, ಫೋಟೊ ಮಾತ್ರವಲ್ಲ, ಮನೆಯವರ ವಿವರ, ಶಾಲೆ, ನೆರೆಹೊರೆ ಹೀಗೆ ಗುರುತು ಹಿಡಿಸುವ ಯಾವುದನ್ನೂ ಮಾಧ್ಯಮದಲ್ಲಿ ಹಾಕುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಊರಿನ ವಾಟ್ಸಾಪ್ ಗ್ರೂಪಿಗೂ ಇದೇ ಎಚ್ಚರ ಬೇಕು. ನಮ್ಮ ಕಡೆ ಅದಕ್ಕಿಂತ ದೊಡ್ಡ ಸುದ್ದಿಮನೆ ಅಡಿಕೆ ಸುಲಿಯುವ ಜಗಲಿ. ಹತ್ತು ಜನ ಸುತ್ತ ಕೂತು ರಾತ್ರಿ ಸುಲಿಯುವಾಗ ಈ ವಿಷಯ ಬಂದೇ ಬರುತ್ತದೆ. 'ಆ ಮಾತು ಇಲ್ಲಿ ಬೇಡ' ಎಂದು ನೀವು ಒಬ್ಬರು ಹೇಳಿದರೂ ಸಾಕು, ಇನ್ನಿಬ್ಬರು ನಿಮ್ಮ ಜೊತೆ ದನಿಗೂಡಿಸುತ್ತಾರೆ. ನೀವು ಆ ಮಗುವಿಗೆ ಮಾಡಬಹುದಾದ ಮೊದಲ ಉಪಕಾರ ಇದು.

ಇನ್ನು, ಹೋಗಿ ಏನು ಮಾತಾಡಲಿ ಎಂದು ಕೇಳಿದಿರಿ. ನಡೆದದ್ದರ ಬಗ್ಗೆ ಏನೂ ಕೇಳಬೇಡಿ. ಅವಳು ಅದನ್ನು ಅಮ್ಮನಿಗೆ, ಪೊಲೀಸರಿಗೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ ಹೇಳಿ ಆಗಿರಬಹುದು. ಮತ್ತೆ ಹೇಳಿಸುವುದು ಹಸಿ ಗಾಯವನ್ನು ಕೆದಕಿದ ಹಾಗೆ. 'ಪೇಟೆಗೆ ಹೊರಟಿದ್ದೇನೆ, ಏನಾದರೂ ತರಬೇಕಾ?' ಎಂದು ಕೇಳಿಕೊಂಡು ಒಳಗೆ ಹೋಗಿ. ಸ್ವಲ್ಪ ಹೊತ್ತು ಅವಳ ಅಮ್ಮನ ಜೊತೆ ಕೂತು ಚಾ ಕುಡಿದು ಬನ್ನಿ. ಎರಡು ದಿನ ಬಿಟ್ಟು ಮತ್ತೆ ಹೋಗಿ. ಹುಡುಗಿಯ ಎದುರು 'ಪಾಪ' ಅನ್ನಬೇಡಿ, ಪ್ರೀತಿಯಿಂದಲೇ ಆದರೂ ಅವಳನ್ನು ಕೇಳದೆ ಮೈ ಮುಟ್ಟಬೇಡಿ. ತಾನಾಗಿ ಬಾಯಿಬಿಟ್ಟರೆ ನಡುವೆ ಪ್ರಶ್ನೆ ಹಾಕದೆ ಕೇಳಿಸಿಕೊಳ್ಳಿ. 'ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನದೇನೂ ತಪ್ಪಿಲ್ಲ' ಎಂಬ ಎರಡು ಮಾತನ್ನು ಮನಸಾರೆ ಹೇಳಿ.

ಶಾಲೆಯದು ತುರ್ತಿನ ಕೆಲಸ. ನಮ್ಮಲ್ಲಿ ಮನೆಗಳು ದೂರ ದೂರ. ಬಸ್ಸಿಳಿದು ತೋಟದ ಅಂಚಿನಲ್ಲಿ, ಬೆಟ್ಟದ ದಾರಿಯಲ್ಲಿ ಮಕ್ಕಳು ಒಂಟಿಯಾಗಿ ನಡೆಯುತ್ತಾರೆ. ಅವಳು ಶಾಲೆ ಬಿಟ್ಟದ್ದು ಪಾಠ ಬೇಡವಾಗಿ ಅಲ್ಲ, ಈ ದಾರಿಗೆ ಹೆದರಿ ಇರಬಹುದು. ಅವನ ಮನೆಯ ಮುಂದೆ ಹಾದು ಹೋಗಬೇಕೇ ಎಂದು ವಿಚಾರಿಸಿ. ಸಂಘದ ಮೂವರು ತಾಯಂದಿರು ಸರದಿಯ ಮೇಲೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಬಸ್ಸಿಗೆ ಬಿಟ್ಟು ಕರೆತಂದರೆ ಅವಳೊಬ್ಬಳಿಗಾಗಿ ಮಾಡಿದ ಹಾಗೆ ಕಾಣುವುದಿಲ್ಲ. ಹೆಡ್ ಮಾಸ್ತರರನ್ನು ಕಾಣಲು ಅವಳ ಅಮ್ಮನ ಜೊತೆ ನೀವೂ ಹೋಗಿ. ಟಿ.ಸಿ. ಕೊಟ್ಟು ಕಳಿಸುವ ಮಾತಿಗೆ ಒಪ್ಪಬೇಡಿ. 'ಬೇಗ ಮದುವೆ ಮಾಡಿಬಿಡಿ' ಎನ್ನುವವರಿಗಂತೂ ಕಿವಿಗೊಡಲೇಬೇಡಿ.

ಮಕ್ಕಳನ್ನು ಅವಳಿಂದ ದೂರ ಇಡುತ್ತಿರುವ ತಾಯಂದಿರ ಮೇಲೆ ಸಿಟ್ಟಾಗಬೇಡಿ, ಅವರಿಗಿರುವುದು ಭಯ. ಆದರೆ ಆ ಭಯ ತಪ್ಪು ದಿಕ್ಕಿಗೆ ತಿರುಗಿದೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅರ್ಧದಷ್ಟು ಪ್ರಕರಣಗಳಲ್ಲಿ ಕೈ ಹಾಕಿದವರು ಮಗು ಬಲ್ಲವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹೇಳಿದ ಹುಡುಗಿಯನ್ನು ಊರು ಹೀಗೆ ದೂರ ಇಟ್ಟಿದ್ದನ್ನು ಕಂಡ ಉಳಿದ ಮಕ್ಕಳು, ನಾಳೆ ತಮಗೇನಾದರೂ ಆದರೆ ಬಾಯಿ ಬಿಡುತ್ತಾರೆಯೇ? ಇದನ್ನು ಆ ತಾಯಂದಿರಿಗೆ ಒಬ್ಬೊಬ್ಬರಾಗಿ ಸಿಕ್ಕಾಗ ಹೇಳಿ.

ಹಿರಿಯರ ರಾಜಿ ಪಂಚಾಯ್ತಿಗೆ ಇಲ್ಲಿ ಜಾಗವಿಲ್ಲ. ಇಂಥ ಪ್ರಕರಣವನ್ನು ಊರವರು ಕೂತು ಮುಗಿಸುವಂತಿಲ್ಲ, ಸಾಕ್ಷಿಯನ್ನು ಹೆದರಿಸುವುದು ಬೇರೆಯೇ ಅಪರಾಧ. ಆರೋಪಿಯೋ ಅವನ ಕಡೆಯವರೋ ಮನೆ ಬಾಗಿಲಿಗೆ ಬಂದು ಒತ್ತಾಯ ಮಾಡಿದರೆ ದಿನ, ಹೊತ್ತು ಬರೆದಿಟ್ಟು ತನಿಖಾಧಿಕಾರಿಗೆ, ಸರ್ಕಾರಿ ವಕೀಲರಿಗೆ ತಿಳಿಸಿ. ಜಾಮೀನು ರದ್ದು ಮಾಡಿ ಎಂದು ಕೋರ್ಟನ್ನು ಕೇಳಲು ದಾರಿಯಿದೆ. ಆದರೆ ಕೂಲಿಯಿಲ್ಲದ ಮನೆ ಎಷ್ಟು ದಿನ ಗಟ್ಟಿಯಾಗಿ ನಿಂತೀತು? ರಾಜಿಗೆ ಒಪ್ಪಿಸುವುದು ಎಷ್ಟೋ ಸಲ ಹಸಿವು. ಹಾಗಾಗಿ ಅವಳ ಅಮ್ಮನಿಗೆ ಬೇರೆ ತೋಟದಲ್ಲಿ ಕೆಲಸ ಕೊಡಿಸುವುದೂ ಆ ಮಗುವಿಗೆ ನ್ಯಾಯ ಕೊಡಿಸುವುದರ ಭಾಗವೇ. ನಿಮ್ಮ ಸಂಘಕ್ಕೆ ಇದು ಆಗದ ಕೆಲಸವಲ್ಲ.

ಸರ್ಕಾರದಿಂದ ಬರಬೇಕಾದದ್ದೂ ಇದೆ. ಅದಕ್ಕೆ ಕೇಳಬೇಕಾದ ನಮ್ಮ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇರುವುದು ಕಾರವಾರದಲ್ಲಿ. ಸಿದ್ದಾಪುರ, ಶಿರಸಿಯವರಿಗೆ ಘಟ್ಟ ಇಳಿದು ನೂರು ಕಿ.ಮೀ.ಗೂ ಹೆಚ್ಚಿನ ದಾರಿ, ಒಂದು ದಿನದ ಕೂಲಿ ಹೋದಂತೆಯೇ. 2020ರ ಪೋಕ್ಸೊ ನಿಯಮಗಳ ಪ್ರಕಾರ ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಈ ಸಮಿತಿ ಶಿಫಾರಸು ಮಾಡಬಹುದು. ಶಿಫಾರಸು ತಲುಪಿದ ವಾರದೊಳಗೆ ಹಣ ಕೊಡಬೇಕು. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಜೊತೆಗಿರಲು 'ಬೆಂಬಲ ವ್ಯಕ್ತಿ'ಯನ್ನೂ ಸಮಿತಿ ನೇಮಿಸುತ್ತದೆ. ಈ ಬೆಂಬಲ ಸಿಗುವಂತೆ ನೋಡಿಕೊಳ್ಳಬೇಕೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆ ಮನೆಯವರಿಗೆ ಇದು ಗೊತ್ತೇ ಎಂದು ಕೇಳಿ, ಗೊತ್ತಿಲ್ಲದಿದ್ದರೆ ಅರ್ಜಿ ಬರೆದುಕೊಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಯಲ್ಲಾಪುರದ ಕಾಡಿನಂಚಿನ ಸಿದ್ದಿ, ಗೌಳಿ ಕೇರಿಗಳಿಂದ ಈ ಅಂಕಣ ಓದುವವರಿಗೆ ಒಂದು ಮಾತು: ಮಗುವಿಗೆ ಕನ್ನಡದಲ್ಲಿ ಹೇಳಲು ಕಷ್ಟವಾದರೆ ದುಭಾಷಿ ಬೇಕೆಂದು ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ.

ಗ್ರಾಮ ಪಂಚಾಯ್ತಿಯ ಮಹಿಳೆಯರ ಮತ್ತು ಮಕ್ಕಳ ಕಾವಲು ಸಮಿತಿಗೆ, ಮಕ್ಕಳ ಗ್ರಾಮಸಭೆಗೆ ಹೋದಾಗ ಅವಳ ವಿಷಯ ಎತ್ತಬೇಡಿ. ಬಸ್ಸು ಹೊತ್ತಿಗೆ ಬರಲಿ, ದಾರಿಗೆ ದೀಪ ಹಾಕಿ ಎಂದು ಕೇಳಿ. ಹುಡುಗಿ ರಾತ್ರಿ ಬೆಚ್ಚಿ ಏಳುವುದು, ಊಟ ಬಿಡುವುದು ವಾರಗಟ್ಟಲೆ ನಡೆದರೆ ಸರ್ಕಾರಿ ಆಸ್ಪತ್ರೆಗೆ ತೋರಿಸಲು ಹೇಳಿ. ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ.

ಮದುವೆಯ ವಿಷಯ. ಅವನ ಹೆಂಡತಿ, ಮಕ್ಕಳು ಏನೂ ಮಾಡಿಲ್ಲ, ಅವರ ಜೊತೆ ಮಾತು ಬಿಡಬೇಡಿ. ಆ ಮನೆಯ ಮಕ್ಕಳೂ ಶಾಲೆಯಲ್ಲಿ ಚುಚ್ಚುಮಾತು ಕೇಳುತ್ತಿರಬಹುದು, ಅದನ್ನೂ ತಡೆಯಿರಿ. ಮದುವೆಗೆ ಹೋಗುವುದು ಬಿಡುವುದು ನಿಮ್ಮಿಷ್ಟ. ನಾನಾಗಿದ್ದರೆ ಈ ಸಲ ಹೋಗುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ನೀವು ಕೂತದ್ದು ಸಂಜೆಯೊಳಗೆ ಆ ಹುಡುಗಿಯ ಮನೆಗೆ ಗೊತ್ತಾಗುತ್ತದೆ, ಮತ್ತು ನೀವು ಇನ್ನೂ ಆ ಮನೆಯ ವಿಶ್ವಾಸ ಗಳಿಸಬೇಕಿದೆ. ಉಡುಗೊರೆಯನ್ನು ಮೊದಲೇ ಕೊಟ್ಟು, ಬರಲಾಗುವುದಿಲ್ಲ ಎಂದು ಮದುವೆ ಮನೆಯವರಿಗೆ ನೇರವಾಗಿ ಹೇಳಿಬನ್ನಿ.