ಚಹದ ಗುಣಪರೀಕ್ಷೆ

ಚಹ ಕುಡಿಯದವರು ನಮ್ಮ ಕಾಲೇಜಿನಲ್ಲಿ ವಿರಳ; ಅದರ ಗುಣವನ್ನು ಪರೀಕ್ಷಿಸಿ ಕುಡಿಯುವವರು ಇನ್ನೂ ವಿರಳ. ಈ ವಿದ್ಯೆಯ ಮುಖ್ಯ ಪಾಠವೊಂದು ನನಗೆ ದೊರೆತುದು ಐವರ್ನಾಡಿನ ನಮ್ಮ ಮನೆಯಲ್ಲಿ, ನನ್ನ ಪಾಟಿಯಿಂದ. ತಮಿಳು ಮಾತಿನ ನಾವು ಅಜ್ಜಿಯನ್ನು ಹಾಗೆಂದೇ ಕರೆಯುತ್ತೇವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕೆಯಿಂದ ಬಂದು ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ದುಡಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಇಲ್ಲಿ ರಬ್ಬರ್ ಟ್ಯಾಪಿಂಗಿನ ಕತ್ತಿ ಹಿಡಿಯುವ ಮೊದಲು ಪಾಟಿಯ ಕೈ ಅಲ್ಲಿ ಚಹದ ಕುಡಿ ಕೊಯ್ಯುತ್ತಿತ್ತು.

ಅಂತರರಾಷ್ಟ್ರೀಯ ಮಾನಕದ ಪರೀಕ್ಷಾಕ್ರಮ ಸರಳವಾದುದು. 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಚಹ. ಮುಚ್ಚಿಟ್ಟು 6 ನಿಮಿಷ. ಎಲ್ಲ ಮಾದರಿಗಳಿಗೂ ಒಂದೇ ಅಳತೆ, ಒಂದೇ ನೀರು, ಒಂದೇ ಸಮಯ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಪರೀಕ್ಷಕರು ಒಣ ಎಲೆಯನ್ನೂ ನೆನೆದ ಎಲೆಯ ಬಣ್ಣ ಪರಿಮಳಗಳನ್ನೂ ನೋಡುತ್ತಾರೆ. ಬಸಿದ ರಸವನ್ನು ಚಮಚದಿಂದ ಸೊರ್ರೆಂದು ಗಾಳಿಯೊಡನೆ ಹೀರಿ, ನಾಲಗೆಯಲ್ಲೆಲ್ಲ ಹರಡಿ, ಉಗುಳಿಬಿಡುತ್ತಾರೆ. ಸದ್ದು ಮಾಡಿ ಕುಡಿಯಬಾರದೆಂಬ ಶಿಷ್ಟಾಚಾರ ಅಲ್ಲಿ ಸಲ್ಲದು!

ಒಳ್ಳೆಯ ಕಪ್ಪು ಚಹದ ರಸಕ್ಕೆ ಹೊಳಪುಂಟು, ಬಾಯಿಗೆ ಚುರುಕಾದ ಒಗರುಂಟು. ಇವಕ್ಕೆ ಥಿಯಾಫ್ಲೇವಿನ್ ಎಂಬ ದ್ರವ್ಯವೂ, ಗಾಢ ಬಣ್ಣಕ್ಕೆ ಥಿಯಾರುಬಿಜಿನ್ ಎಂಬುದೂ ಮುಖ್ಯ ಕಾರಣ. ಜಜ್ಜಿದ ಎಲೆಗೆ ಗಾಳಿಯ ಆಮ್ಲಜನಕ ತಗಲಿದಾಗ ಇವೆರಡೂ ಹುಟ್ಟುತ್ತವೆ. ಆದುದರಿಂದ ಕಡುಬಣ್ಣವೊಂದೇ ಉತ್ತಮ ಚಹದ ಲಕ್ಷಣವಲ್ಲ. ತಣ್ಣೀರಿಗೆ ಹಾಕಿದೊಡನೆಯೇ ಗಾಢ ಬಣ್ಣ ಬಿಡುವ ಚಹವನ್ನಂತೂ ಸಂದೇಹಿಸಬೇಕು.

ಕಳೆದ ರಜೆಯಲ್ಲಿ ಎರಡು ಬಗೆಯ ಎಲೆಚಹ ತಂದು ಇದೇ ಕ್ರಮದಲ್ಲಿ ಪರೀಕ್ಷೆಗೆ ಕುಳಿತೆ. ಪಾಟಿ ರಸವನ್ನು ಮುಟ್ಟಲಿಲ್ಲ. ನೆನೆದ ಎಲೆಗಳನ್ನು ಬೆರಳಿನಿಂದ ಬಿಡಿಸಿ, "ಇದರಲ್ಲಿ ಬಲಿತ ಎಲೆ, ದಂಟು ಎಲ್ಲ ಸೇರಿದೆ. ಒಂದು ಕುಡಿ, ಎರಡು ಎಲೆ, ಅಷ್ಟೇ ಕೊಯ್ಯಬೇಕು ಮಗಾ" ಎಂದಳು. ನಾನು ರುಚಿ ನೋಡಿದೆ. ಅವಳು ಬದಿಗೆ ಸರಿಸಿದ ಚಹವೇ ಸಪ್ಪೆಯಾಗಿತ್ತು.

"ಅಲ್ಲಿ ನೀವೆಲ್ಲ ಒಳ್ಳೆಯ ಚಹವನ್ನೇ ಕುಡಿಯುತ್ತಿದ್ದಿರಾ?" ಎಂದು ಕೇಳಿದೆ.

"ಒಳ್ಳೆಯದು ಹಡಗು ಹತ್ತುತ್ತಿತ್ತು. ನಮಗೆ ಹುಡಿ" ಎಂದು ನಕ್ಕಳು.

ಚಹದ ಗುಣವನ್ನು ಕೊನೆಗೆ ನಿರ್ಣಯಿಸುವುದು ಪರೀಕ್ಷಕನ ನಾಲಗೆ. ಎಲ್ಲಕ್ಕಿಂತ ಮೊದಲು ನಿರ್ಣಯಿಸುವುದು ಕೊಯ್ಯುವವಳ ಬೆರಳು. ನಾಲಗೆಗೆ ಸಿಕ್ಕ ಮನ್ನಣೆ ಬೆರಳಿಗೆ ಸಿಗಲಿಲ್ಲ. ಅಂದು ನಾನು ಪರೀಕ್ಷೆಯ ನಿಯಮ ಮುರಿದೆ. ಉತ್ತಮವೆನಿಸಿದ ರಸವನ್ನು ಉಗುಳದೆ, ಲೋಟ ತುಂಬ ಹೊಸದಾಗಿ ಮಾಡಿ ಪಾಟಿಯ ಮುಂದಿಟ್ಟೆ. ಸಕ್ಕರೆ ಬೇಡವೆಂದಳು, ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದಳು.