ವೋಚರ್ ನೋಡಿದ್ದೀಯಾ?

2025ರ ಸೆಪ್ಟೆಂಬರ್ 18ರಂದು ನಮ್ಮ ಆಳಂದದ ಹೆಸರು ದೇಶದ ಎಲ್ಲ ಟಿ.ವಿ.ಗಳಲ್ಲಿ ಬಂತು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ 6,018 ಮತದಾರರ ಹೆಸರು ತೆಗೆಸಲು ಪ್ರಯತ್ನ ನಡೆದಿತ್ತು ಎಂದು ರಾಹುಲ್ ಗಾಂಧಿಯವರು ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಮಾಡಿ ಹೇಳಿದರು. ಅಂದು ರಾತ್ರಿ ಊಟಕ್ಕೆ ಅಫಜಲಪುರದ ಮಾಮು ಬಂದಿದ್ದರು. ನಾನು, "ನೋಡಿದಿರಾ ಮಾಮು, ನಮ್ಮೂರಲ್ಲಿ ಆರು ಸಾವಿರ ವೋಟು ಅಳಿಸಿಬಿಟ್ಟಿದ್ದಾರೆ" ಎಂದೆ. ಮಾಮು, "ಎಲ್ಲಾ ಸುಳ್ಳು ಬೇಟಾ, ಏನೂ ಆಗಿಲ್ಲ, ಬರೀ ನಾಟಕ" ಎಂದರು. ನಮ್ಮ ಮನೆಯ ಮಾತು ಉರ್ದು, ಆದರೆ ಜಗಳಕ್ಕೆ ಭಾಷೆಯ ಭೇದವಿಲ್ಲ. ಅಮ್ಮಿ ದಸ್ತರಖಾನ್ ಎತ್ತಿದರೂ ನಮ್ಮ ವಾದ ಮುಗಿಯಲಿಲ್ಲ. ಮಾಮು ಸಿಟ್ಟಿನಿಂದ ಚಹಾ ಕುಡಿಯದೆ ಎದ್ದು ಹೋದರು.

ಮರುದಿನ ಕ್ಲಾಸಿನಲ್ಲಿಯೂ ಅದನ್ನೇ ಹೇಳುತ್ತಿದ್ದೆ. ನಮ್ಮ ಅಕೌಂಟೆನ್ಸಿ ಸರ್ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಎಂಟ್ರಿ ಮಾಡುವ ಮೊದಲು ವೋಚರ್ ನೋಡಿದ್ದೀಯಾ?"

ನೋಡಿರಲಿಲ್ಲ. ಲೈಬ್ರರಿಯಲ್ಲಿ ಕೂತು ಪತ್ರಿಕೆಗಳನ್ನು ಓದಿದೆ. ಹೆಸರು ತೆಗೆಯಲು ಕೋರುವ ಅರ್ಜಿಗೆ ನಮೂನೆ 7 ಎನ್ನುತ್ತಾರೆ. ಆಳಂದದಲ್ಲಿ ಅಂಥ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಅಧಿಕಾರಿಗಳು ಪರಿಶೀಲಿಸಿದಾಗ 24 ಮಾತ್ರ ಸರಿ ಇದ್ದವು. ಉಳಿದ 5,994 ತಪ್ಪು ಎಂದು ತಿರಸ್ಕಾರವಾದವು. ಅಂದರೆ ಆ 5,994 ಹೆಸರುಗಳು ಪಟ್ಟಿಯಲ್ಲೇ ಉಳಿದವು. ನಾನು ಹೇಳಿದ್ದು ತಪ್ಪು. ಆದರೆ ಮಾಮು ಹೇಳಿದ್ದೂ ತಪ್ಪು. ಇಷ್ಟು ಸುಳ್ಳು ಅರ್ಜಿ ಬಂದದ್ದಕ್ಕೆ 2023ರ ಫೆಬ್ರವರಿ 21ರಂದೇ, ಮೇ ತಿಂಗಳ ಮತದಾನಕ್ಕೆ ಎರಡೂವರೆ ತಿಂಗಳು ಮೊದಲೇ, ಪೊಲೀಸರಲ್ಲಿ ಎಫ್‌ಐಆರ್ ದಾಖಲಾಗಿತ್ತು. ಕೊಟ್ಟವರು ಚುನಾವಣಾ ಅಧಿಕಾರಿಗಳೇ. ಯತ್ನ ನಡೆದಿತ್ತು, ಅದು ವಿಫಲವಾಯಿತು ಎಂದು ಚುನಾವಣಾ ಆಯೋಗವೇ ಒಪ್ಪಿದೆ. ಇದು ಸಣ್ಣ ವಿಷಯವೂ ಅಲ್ಲ. 2018ರಲ್ಲಿ ಇದೇ ಕ್ಷೇತ್ರದಲ್ಲಿ ಸುಭಾಷ್ ಗುತ್ತೇದಾರರು ಬಿ.ಆರ್. ಪಾಟೀಲರ ಎದುರು ಗೆದ್ದದ್ದು 697 ಮತಗಳಿಂದ. ಅರ್ಜಿ ಹಾಕಿದವರು ಯಾರು ಎಂಬುದು ಪೊಲೀಸರು ಮತ್ತು ನ್ಯಾಯಾಲಯದ ಕೆಲಸ, ನನ್ನದಲ್ಲ.

ನಾನು ಬರೆಯಬೇಕೆಂದಿದ್ದು ಆಮೇಲೆ ಆದದ್ದನ್ನು. ಅಂಕಿ ಕಣ್ಣೆದುರು ಇತ್ತು. ಆದರೂ ನನ್ನ ಮನಸ್ಸು "ನಾನು ತಪ್ಪಿದೆ" ಅನ್ನಲಿಲ್ಲ. "ಅಳಿಸಲು ನೋಡಿದ್ದರಲ್ಲ, ಎರಡೂ ಒಂದೇ" ಎಂದಿತು. ಎರಡೂ ಒಂದೇ ಹೇಗಾಗುತ್ತದೆ? ಕಳ್ಳ ಬೀಗ ಮುರಿಯಲು ಬಂದು ಸಿಕ್ಕಿಬಿದ್ದರೆ, ಅಂಗಡಿ ಖಾಲಿಯಾಯಿತು ಎಂದು ಲೆಕ್ಕ ಬರೆಯುತ್ತೇವೆಯೇ? ಇದು ಗೊತ್ತಿದ್ದೂ ಮೂರು ದಿನ ನಾನು ಮಾಮುಗೆ ಫೋನ್ ಮಾಡಲಿಲ್ಲ. ಮಾಡಿದಾಗಲೂ ಎಫ್‌ಐಆರ್ ವಿಷಯ ಮಾತ್ರ ಹೇಳಿದೆ, 5,994 ಅರ್ಜಿ ತಿರಸ್ಕಾರವಾದದ್ದನ್ನು ನುಂಗಿದೆ. ಮಾಮು, "ಎಫ್‌ಐಆರ್ ಯಾರು ಬೇಕಾದರೂ ಹಾಕಿಸಬಹುದು" ಎಂದು ಫೋನ್ ಇಟ್ಟರು.

ಹೀಗೇಕೆ ಎಂದು ಇಂಗ್ಲಿಷ್ ಮೇಡಂ ಅವರನ್ನು ಕೇಳಿದಾಗ ಪೀಟರ್ ವೇಸನ್ ಎಂಬ ಮನೋವಿಜ್ಞಾನಿಯ ಪ್ರಯೋಗ ಹೇಳಿದರು. ಅವರು ಅದನ್ನು 1960ರಲ್ಲಿ ಪ್ರಕಟಿಸಿದ್ದು. ಅದನ್ನು ನಾನು ನಮ್ಮ ಬೆಂಚಿನಲ್ಲೇ ಮಾಡಿದೆ. "2, 4, 6. ಇದರ ಹಿಂದೆ ಒಂದು ನಿಯಮವಿದೆ. ಬೇರೆ ಮೂರು ಸಂಖ್ಯೆ ಹೇಳಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ" ಎಂದೆ. ಜೇವರ್ಗಿಯಿಂದ ಬರುವ ಗೆಳೆಯ 8, 10, 12 ಎಂದ. ಹೊಂದುತ್ತದೆ. 20, 22, 24 ಎಂದ. ಹೊಂದುತ್ತದೆ. "ಎರಡೆರಡು ಕೂಡಿಸುತ್ತಾ ಹೋಗಬೇಕು, ಇಷ್ಟೇ ಅಲ್ಲವೇನೋ!" ಎಂದು ನಕ್ಕ. ಅಲ್ಲ. ಸಂಖ್ಯೆ ಏರುತ್ತಾ ಹೋದರೆ ಸಾಕು, ಅದೇ ನಿಯಮ. 1, 7, 50 ಎಂದಿದ್ದರೂ ಹೊಂದುತ್ತಿತ್ತು. ತನ್ನ ಊಹೆ ಸುಳ್ಳಾಗಬಹುದಾದ ಸಂಖ್ಯೆಯನ್ನು ಅವನು ಒಮ್ಮೆಯೂ ಕೇಳಲಿಲ್ಲ. ವೇಸನ್ ಅವರ ಪ್ರಯೋಗದಲ್ಲಿ ಹೆಚ್ಚಿನವರು ಮಾಡಿದ್ದೂ ಇದನ್ನೇ. ನಾನು ಮಾಮು ಮಾಡಿದ್ದೂ ಇದನ್ನೇ.

ನಾವು ಕಾಮರ್ಸ್‌ನವರು ಇದರಲ್ಲಿ ಜಾಣರಿರಬೇಕಿತ್ತು. ನಗದು ಪುಸ್ತಕಕ್ಕೂ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಪಾಸ್‌ಬುಕ್ ಹರಿದು ಹಾಕುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಒಂದೊಂದೇ ಎಂಟ್ರಿಗೆ ಟಿಕ್ ಹಾಕುತ್ತಾ ಹುಡುಕುತ್ತೇವೆ, ಬಿ.ಆರ್.ಎಸ್. ಬರೆಯುತ್ತೇವೆ. ಆದರೆ ರಾಜಕೀಯದಲ್ಲಿ ಮೊದಲು ಹರಿಯುವುದೇ ಪಾಸ್‌ಬುಕ್ಕನ್ನು.

ಆದರೆ ಸಂಖ್ಯೆಯ ಆಟದಲ್ಲಿ ನಿಯಮ ತಿಳಿದ ಕೂಡಲೇ ಗೆಳೆಯ ಒಪ್ಪಿದ. ರಾಜಕೀಯದಲ್ಲಿ ಒಪ್ಪುವುದಿಲ್ಲ. ಇದಕ್ಕೆ ಕಾರಣ ಅಫಜಲಪುರದಲ್ಲೇ ಇದೆ ಅನ್ನಿಸುತ್ತದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಮಾಲೀಕಯ್ಯ ಗುತ್ತೇದಾರರು ಬಿಜೆಪಿಗೆ ಹೋದರು, ಬಿಜೆಪಿಯ ಎಂ.ವೈ. ಪಾಟೀಲರು ಕಾಂಗ್ರೆಸ್ಸಿಗೆ ಬಂದರು, ಇಬ್ಬರೂ ಎದುರುಬದುರು ನಿಂತರು. ಮಾಮು ಕೆಲಸ ಮಾಡುವ ತೊಗರಿ ಅಡತ್ ಅಂಗಡಿಯಲ್ಲಿ ಅವತ್ತಿನವರೆಗೆ ಒಂದು ಪಕ್ಷವನ್ನು ಬೈಯುತ್ತಿದ್ದವರು ಮರುದಿನದಿಂದ ಅದನ್ನೇ ಹೊಗಳತೊಡಗಿದರಂತೆ. ಇದನ್ನು ಹೇಳಿ ನಕ್ಕವರು ಮಾಮು ಅವರೇ. ಆ ಜನರು ಬಿಡದಿದ್ದದ್ದು ಪಕ್ಷದ ವಿಚಾರವನ್ನಲ್ಲ, ತಮ್ಮ ಮಂದಿಯನ್ನು. ಮಾಮು ದಿನವಿಡೀ ಕೂರುವುದು ಅದೇ ಅಂಗಡಿಯಲ್ಲಿ. "ಆಳಂದದಲ್ಲಿ ಏನೋ ನಡೆದದ್ದು ನಿಜ" ಎಂದು ಅವರು ಅಲ್ಲಿ ಹೇಳಿದರೆ ಜೊತೆಯವರು ಏನೆಂದಾರು? ನನಗೂ ಹಾಗೆಯೇ. "ಹೆಸರುಗಳು ಅಳಿಸಿರಲಿಲ್ಲ" ಎಂದು ನಾನು ನಮ್ಮ ಓಣಿಯಲ್ಲಿ ಹೇಳಿದ ದಿನ, "ಯಾರ ಕಡೆ ಸೇರಿದೆಯೋ ನೀನು?" ಎಂದು ಕೇಳಿದರು. ಅಂಕಿ ಎಲ್ಲಿ ಸಿಕ್ಕಿತು ಎಂದು ಒಬ್ಬರೂ ಕೇಳಲಿಲ್ಲ.

ಹೋದ ತಿಂಗಳು ಮಾಮು ಮತ್ತೆ ಬಂದಿದ್ದರು. ಈ ಸಲ ನಾನೇ ಮೊದಲು ಹೇಳಿದೆ: "ಮಾಮು, ಆವತ್ತು ನಾನು ಹೇಳಿದ್ದು ತಪ್ಪು. 5,994 ಅರ್ಜಿ ತಿರಸ್ಕಾರ ಆಗಿದ್ದವು, ಆ ಹೆಸರುಗಳು ಹೋಗಿರಲಿಲ್ಲ." ಅವರು ಗೆದ್ದ ಹಾಗೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅಮ್ಮಿ ಕೊಟ್ಟ ಚಹಾ ಪೂರ್ತಿ ಕುಡಿದರು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ, ಅಫಜಲಪುರದ ಬಸ್ಸಿಗೆ ಕಾಲಿಡುತ್ತಾ ಕೇಳಿದರು:

"ಆ ಎಫ್‌ಐಆರ್ ಎಲೆಕ್ಷನ್ನಿಗೆ ಮುಂಚೆ ಆಗಿದ್ದು ಅಂದೆಯಲ್ಲ, ಯಾವ ತಿಂಗಳು?"